ಸಿಬಿ ಸೆಟ್ಟಿಗೆ ಮೊದಲ ಬೇಸ್ ಆಂಟೆನಾ: ಕಡಿಮೆ ಖರ್ಚಿನಲ್ಲಿ ಯಾವುದು, ಹೇಗೆ

ಸಿಬಿ ರೇಡಿಯೋ (ಸಿಟಿಜನ್ಸ್ ಬ್ಯಾಂಡ್, ಸಾಮಾನ್ಯ ಜನ ಪರಸ್ಪರ ಮಾತಾಡಲು ಬಳಸುವ ರೇಡಿಯೋ) ಹೊಸದಾಗಿ ಶುರು ಮಾಡುವವರು ಕೈಯಲ್ಲಿರುವ ದುಡ್ಡಿನ ಮುಕ್ಕಾಲು ಪಾಲನ್ನು ಸೆಟ್ಟಿಗೆ ಸುರಿದು, ಉಳಿದದ್ದರಲ್ಲಿ ಬೇಸ್ ಆಂಟೆನಾ (ಮನೆಯಲ್ಲಿ ನಿಲ್ಲಿಸುವ ಆಂಟೆನಾ) ಮುಗಿಸಲು ನೋಡುತ್ತಾರೆ. ಆಗಬೇಕಾದ್ದು ಇದಕ್ಕೆ ಉಲ್ಟಾ. ಸೆಟ್ಟು ಸಾದಾ ಇರಲಿ, ದುಬಾರಿ ಇರಲಿ, ಎಎಂನಲ್ಲಿ ಹೊರಡುವುದು ಸಾಮಾನ್ಯವಾಗಿ 4 ವಾಟ್, ಎಸ್‌ಎಸ್‌ಬಿಯಲ್ಲಿ ಹೆಚ್ಚೆಂದರೆ 12 ವಾಟ್ (ಇವೆರಡೂ ದನಿಯನ್ನು ಅಲೆಯ ಮೇಲೆ ಹೇರುವ ಬಗೆಗಳು). ಅಷ್ಟು ಪವರ್ ಪಕ್ಕದ ಬೀದಿಯಲ್ಲೇ ನಿಲ್ಲುತ್ತದೋ, ಹತ್ತಿಪ್ಪತ್ತು ಕಿಲೋಮೀಟರ್ ಮುಟ್ಟುತ್ತದೋ ಎಂಬುದನ್ನು ತೀರ್ಮಾನಿಸುವುದು ಆಂಟೆನಾದ ಉದ್ದ, ಅದನ್ನು ಏರಿಸಿದ ಎತ್ತರ, ಅಲ್ಲಿಗೆ ಹೋಗುವ ಕೇಬಲ್. ಬ್ರ್ಯಾಂಡಿನ ಹೆಸರು ಈ ಲೆಕ್ಕದಲ್ಲಿ ಬಹಳ ಕೆಳಗೆ ಬರುತ್ತದೆ.

ಉದ್ದ ಯಾಕೆ ಮುಖ್ಯ? 27 ಮೆಗಾಹರ್ಟ್ಸ್‌ನಲ್ಲಿ ಒಂದು ಅಲೆಯ ಉದ್ದ ಸುಮಾರು 11 ಮೀಟರ್. ಹಾಫ್ ವೇವ್ ಆಂಟೆನಾ ಎಂದರೆ ಐದೂಕಾಲು ಮೀಟರ್ ಆಸುಪಾಸು, ಕ್ವಾರ್ಟರ್ ವೇವ್ ಎಂದರೆ 2.6 ಮೀಟರ್‌ಗಿಂತ ಚೂರು ಹೆಚ್ಚು. ಒಂದು ಮೀಟರಿನ ಕಡ್ಡಿಯನ್ನು 'ಬಾಲ್ಕನಿ ಬೇಸ್ ಆಂಟೆನಾ' ಎಂದು ಮಾರುವವರಿದ್ದಾರೆ. ಅದರೊಳಗೆ ಕಾಯಿಲ್ ಸುತ್ತಿ ಉದ್ದದ ಕೊರತೆಯನ್ನು ಮುಚ್ಚಿರುತ್ತಾರೆ. ಕಾಯಿಲ್‌ನಲ್ಲೇ ಒಂದಿಷ್ಟು ಪವರ್ ಬಿಸಿಯಾಗಿ ಹೋಗುತ್ತದೆ. ಜೊತೆಗೆ 20ನೇ ಚಾನೆಲ್‌ಗೆ ಟ್ಯೂನ್ ಮಾಡಿದರೆ 1 ಮತ್ತು 40ರಲ್ಲಿ, ಆಂಟೆನಾ ಹೊಂದದೆ ಎಷ್ಟು ಪವರ್ ಹಿಂತಿರುಗುತ್ತದೆಂದು ತೋರಿಸುವ ಎಸ್‌ಡಬ್ಲ್ಯುಆರ್ ಏರಿ ಕೂರುತ್ತದೆ. ಜಾಗವೇ ಇಲ್ಲದವರಿಗೆ ಅದು ಅನಿವಾರ್ಯ, ಆದರೆ ಜಾಗವಿದ್ದೂ ಅದನ್ನು ಕೊಳ್ಳುವುದು ದುಡ್ಡು ದಂಡ.

ಡಬ್ಬಿಯ ಮೇಲೆ ಬರೆದ ಗೇನ್ (ಆಂಟೆನಾ ಪವರನ್ನು ಒಂದು ದಿಕ್ಕಿಗೆ ಎಷ್ಟು ಒಟ್ಟುಗೂಡಿಸುತ್ತದೆ ಎಂಬ) ಅಂಕಿಯನ್ನೂ ನಂಬಿ ಕೊಳ್ಳಬೇಡಿ. ನಡುವೆ ಕೇಬಲ್ ಸೇರಿಸಿದ, ಎರಡು ಕಾಲಿನ ಸಾದಾ ಡೈಪೋಲ್‌ನ ಗೇನ್ 2.15 ಡಿಬಿಐ (ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ಕಾಲ್ಪನಿಕ ಆಂಟೆನಾಕ್ಕೆ ಹೋಲಿಸಿದ ಡೆಸಿಬೆಲ್). ಒಂಟಿ ಕಡ್ಡಿಗೆ 9 ಡಿಬಿಐ ಎಂದು ಬರೆದಿದ್ದರೆ ಆ ಸಂಖ್ಯೆ ಯಾವ ಲೆಕ್ಕದಲ್ಲಿ ಹುಟ್ಟಿತೆಂದು ಬರೆದವರೇ ಹೇಳಬೇಕು. ಬರುವ ಸಿಗ್ನಲ್ಲಿನ ಬಲ ತೋರಿಸುವ ಎಸ್-ಮೀಟರಿನ ಒಂದು ಮನೆ ಎಂದರೆ 6 ಡೆಸಿಬೆಲ್. ಅಂದಮೇಲೆ ಒಂದೆರಡು ಡೆಸಿಬೆಲ್ ವ್ಯತ್ಯಾಸಕ್ಕೆ ಎರಡು ಪಟ್ಟು ಬೆಲೆ ತೆತ್ತರೆ ಕೇಳುವವರಿಗೆ ಗೊತ್ತೂ ಆಗುವುದಿಲ್ಲ.

ಯಾವುದನ್ನು ಆರಿಸುವುದು

ಎಲ್ಲಕ್ಕಿಂತ ಅಗ್ಗ, ಕೆಲಸದಲ್ಲಿ ಯಾವುದಕ್ಕೂ ನಾಚಬೇಕಿಲ್ಲದ್ದು ತಂತಿಯ ಡೈಪೋಲ್. ಷರತ್ತು ಒಂದೇ: ಅದನ್ನು ನೆಟ್ಟಗೆ, ಮೇಲಿಂದ ಕೆಳಕ್ಕೆ ತೂಗುಹಾಕಬೇಕು. ವಾಹನಗಳ ಆಂಟೆನಾಗಳೆಲ್ಲ ಲಂಬವಾಗಿರುವುದರಿಂದ ಸಿಬಿಯಲ್ಲಿ ಸ್ಥಳೀಯ ಮಾತುಕತೆ ನಡೆಯುವುದು ಲಂಬ ಧ್ರುವೀಕರಣದಲ್ಲಿ (ಅಲೆ ಮೇಲೆ-ಕೆಳಗೆ ಆಡುವ ಬಗೆ). ಬಟ್ಟೆ ಒಣಹಾಕುವ ಹಗ್ಗದ ಹಾಗೆ ಅಡ್ಡ ಕಟ್ಟಿದರೆ 20 ಡೆಸಿಬೆಲ್‌ವರೆಗೆ, ಎಂದರೆ ಎಸ್-ಮೀಟರಿನಲ್ಲಿ ಮೂರು ಮನೆಗೂ ಹೆಚ್ಚು, ಕಳೆದುಕೊಳ್ಳಬಹುದು. ಅಯಾನುಗೋಳದಿಂದ ಪ್ರತಿಫಲಿಸಿ ಬರುವ ದೂರದ ಸಿಗ್ನಲ್‌ಗೆ ಈ ಭೇದ ಅಷ್ಟಾಗಿ ಇಲ್ಲ.

ಎಂಟು ಮೀಟರ್ ಎತ್ತರದ ಮರವೋ ಫೈಬರ್ ಗ್ಲಾಸ್ ಕೋಲೋ ಸಿಗದಿದ್ದರೆ ಡೈಪೋಲನ್ನು ಓರೆಯಾಗಿ ಇಳಿಬಿಡಬಹುದು. ಚಾವಣಿಯ ಮೇಲೆ ಒಂದು ಪೈಪ್ ನಿಲ್ಲಿಸಲು ಮಾತ್ರ ಜಾಗವಿದ್ದರೆ ಕ್ವಾರ್ಟರ್ ವೇವ್ ಗ್ರೌಂಡ್ ಪ್ಲೇನ್ ಒಳ್ಳೆಯದು: ಮೇಲಕ್ಕೆ 2.63 ಮೀಟರಿನ ಒಂದು ಕಡ್ಡಿ, ಬುಡದಿಂದ ನಾಲ್ಕು ದಿಕ್ಕಿಗೆ ಸುಮಾರು 2.75 ಮೀಟರಿನ ನಾಲ್ಕು ರೇಡಿಯಲ್ ತಂತಿ. ರೇಡಿಯಲ್‌ಗಳನ್ನು ನೆಲಕ್ಕೆ ಸಮಾನಾಂತರವಾಗಿ ಎಳೆದರೆ ಇಂಪಿಡೆನ್ಸ್ (ಆಂಟೆನಾ ಒಡ್ಡುವ ತಡೆ, ಇದು 50 ಓಮ್ ಕೇಬಲ್ಲಿಗೆ ಹೊಂದಬೇಕು) 36 ಓಮ್ ಆಸುಪಾಸಿಗೆ ಇಳಿಯುತ್ತದೆ. 45 ಡಿಗ್ರಿ ಕೆಳಕ್ಕೆ ಇಳಿಸಿದರೆ 50 ಓಮ್‌ಗೆ ಹತ್ತಿರವಾಗುತ್ತದೆ. ತುದಿಗೆ ಇನ್ಸುಲೇಟರ್ ಹಾಕಿ ನೈಲಾನ್ ಹಗ್ಗ ಸೇರಿಸಿದರೆ ಇದೇ ರೇಡಿಯಲ್‌ಗಳು ಕಂಬಕ್ಕೆ ಆಧಾರದ ತಂತಿಗಳೂ ಆಗುತ್ತವೆ.

ರೆಡಿಮೇಡ್ ಬೇಕೆನ್ನುವವರು ಫೈಬರ್ ಗ್ಲಾಸಿನ ಹಾಫ್ ವೇವ್ ಕಡ್ಡಿಯನ್ನೋ ಅಲ್ಯೂಮಿನಿಯಂ ಕೊಳವೆಗಳ 5/8 ವೇವ್ ಆಂಟೆನಾವನ್ನೋ ನೋಡಬಹುದು. ಮೊದಲನೆಯದಕ್ಕೆ ರೇಡಿಯಲ್ ಬೇಡ, ಗಾಳಿಗೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಸೋಲಾರ್ಕಾನ್ ಕಂಪನಿಯ ಆಂಟ್ರಾನ್-99 ಈ ಬಗೆಯ ಹಳೆಯ ಹೆಸರು. ಹದಿನೇಳು ಅಡಿಗೂ ಚೂರು ಹೆಚ್ಚು ಉದ್ದ, ಬುಡದಲ್ಲಿ ತಿರುಗಿಸುವ ಟ್ಯೂನಿಂಗ್ ಉಂಗುರಗಳು. 5/8 ವೇವ್ ಆರೂವರೆ ಮೀಟರ್ ಆಸುಪಾಸಿನದು. ಹಾಫ್ ವೇವ್‌ಗಿಂತ ಅದರ ಲಾಭ ಲೆಕ್ಕದ ಪ್ರಕಾರವೇ ಸುಮಾರು 1 ಡೆಸಿಬೆಲ್. ಹಾಗಾಗಿ ಇವೆರಡರ ನಡುವೆ ಬೆಲೆ ತುಂಬ ದೂರವಿದ್ದರೆ ಅಗ್ಗದ್ದನ್ನೇ ತೆಗೆದುಕೊಂಡು, ಉಳಿದ ಹಣದಲ್ಲಿ ಕಂಬವನ್ನು ಇನ್ನೂ ಎರಡು ಮೀಟರ್ ಮೇಲಕ್ಕೆತ್ತಿ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬುಡದ ಸಾಕೆಟ್ಟಿನಲ್ಲಿ ಹಸಿರು ಕಟ್ಟಿದೆಯೇ, ಫೈಬರ್ ಎಳೆಗಳು ಬಿಸಿಲಿಗೆ ಎದ್ದಿವೆಯೇ, ಕೊಳವೆ ಕೂಡುವಲ್ಲಿ ಬಿಳಿ ಪುಡಿ ಇದೆಯೇ ನೋಡಿ. ಬಿಳಿ ಪುಡಿಯನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆಯಬಹುದು. ಬುಡದ ಕಾಯಿಲ್ ಸುಟ್ಟಿದ್ದರೆ ಬಿಟ್ಟುಬಿಡಿ.

ಕಾರಿನ ಮ್ಯಾಗ್ನೆಟ್ ಆಂಟೆನಾವನ್ನೇ ಮನೆಯಲ್ಲಿ ಬಳಸುವುದು ತಾತ್ಕಾಲಿಕಕ್ಕೆ ಸರಿ. ಅದಕ್ಕೆ ಕಾರಿನ ಮೈಯಂಥ ಲೋಹದ ನೆಲ ಬೇಕು. ಮರದ ಮೇಜಿನ ಮೇಲೆ ಇಟ್ಟರೆ ಎಸ್‌ಡಬ್ಲ್ಯುಆರ್ 3 ದಾಟಿದರೂ ಆಶ್ಚರ್ಯವಿಲ್ಲ. ಶೀಟ್ ಚಾವಣಿಯ ನಡುವೆ ಇಟ್ಟರೆ ಪರವಾಗಿಲ್ಲ ಅನ್ನುವಷ್ಟು ಕೆಲಸ ಮಾಡುತ್ತದೆ.

ಲಂಬ ಡೈಪೋಲ್ ಕಟ್ಟುವ ಬಗೆ

ಮನೆ ವೈರಿಂಗಿಗೆ ಬಳಸುವ 1.5 ಅಥವಾ 2.5 ಚದರ ಮಿಲಿಮೀಟರ್ ತಾಮ್ರದ ತಂತಿ 6 ಮೀಟರ್, ಐದು-ಎಂಟು ಸೆಂಟಿಮೀಟರಿನ ದಪ್ಪ ಪ್ಲಾಸ್ಟಿಕ್ ಅಥವಾ ಅಕ್ರಿಲಿಕ್ ತುಂಡು, ತುದಿಗಳಿಗೆ ಪಿವಿಸಿ ಪೈಪಿನ ಎರಡು ಚೂರು, ಬಿಸಿಲು ತಾಳುವ ಹಗ್ಗ, 50 ಓಮ್ ಕೇಬಲ್, ಸೆಟ್ಟಿಗೆ ತಿರುಗಿಸಿ ಹಾಕುವ ಒಂದು ಪಿಎಲ್-259 ಪ್ಲಗ್. ಸಾಮಾನು ಇಷ್ಟೇ.

ತಂತಿಯನ್ನು 2.8 ಮೀಟರಿನ ಎರಡು ತುಂಡು ಮಾಡಿ. ಪ್ಲಾಸ್ಟಿಕ್ ತುಂಡಿನಲ್ಲಿ ತೂತು ಕೊರೆದು ಎರಡೂ ತಂತಿಗಳನ್ನು ಪೋಣಿಸಿ ಗಂಟು ಹಾಕಿ, ಎಳೆತ ಬೆಸುಗೆಯ ಮೇಲಲ್ಲ, ಗಂಟಿನ ಮೇಲೆ ಬೀಳಬೇಕು. ಕೇಬಲ್‌ನ ತುದಿ ಐದು ಸೆಂಟಿಮೀಟರ್ ಸೀಳಿ, ಒಳ ತಂತಿಯನ್ನು ಮೇಲಿನ ಕಾಲಿಗೆ, ಹೊರ ಜಾಲರಿಯನ್ನು ಕೆಳಗಿನ ಕಾಲಿಗೆ ಬೆಸೆಯಿರಿ. ಇಲ್ಲೊಂದು ಸೂಕ್ಷ್ಮ: ಸೀಳಿದ ಆ ಐದು ಸೆಂಟಿಮೀಟರ್ ಕೂಡ ಆಂಟೆನಾದ ಉದ್ದಕ್ಕೇ ಸೇರುತ್ತದೆ. ಅದನ್ನು ಮರೆತು ತಂತಿಯನ್ನು ಮೊದಲೇ 2.63ಕ್ಕೆ ಕತ್ತರಿಸಿದರೆ ಆಂಟೆನಾ ಉದ್ದವಾಗಿ, ಟ್ಯೂನ್ ಆದ ಜಾಗ ಚಾನೆಲ್ 1ಕ್ಕಿಂತಲೂ ಕೆಳಗೆ ಹೋಗುತ್ತದೆ. ಪಿವಿಸಿ ಹೊದಿಕೆಯಿರುವ ತಂತಿ ಬರಿ ತಂತಿಗಿಂತ ಎರಡು ಮೂರು ಶೇಕಡಾ ಗಿಡ್ಡವಾಗಿ ಟ್ಯೂನ್ ಆಗುವುದರಿಂದ ಅಂತಿಮ ಅಳತೆ ಒಂದೊಂದು ಕಾಲಿಗೆ 2.55ರಿಂದ 2.65 ಮೀಟರ್ ನಡುವೆ ಬರುತ್ತದೆ. ಹೆಚ್ಚುವರಿಯನ್ನು ಕತ್ತರಿಸದೆ ತುದಿಯಲ್ಲಿ ಹಿಂದಕ್ಕೆ ಮಡಿಚಿ ತನ್ನ ಮೇಲೇ ಬಿಗಿಯಾಗಿ ಸುತ್ತಿಡಿ.

ಬೆಸುಗೆಯ ಬುಡದಲ್ಲೇ ಕೇಬಲನ್ನು ಸುತ್ತಿ ಒಂದು ಚೋಕ್ (ಕೇಬಲ್ಲಿನ ಹೊರಮೈಯಲ್ಲಿ ಪವರ್ ಹರಿಯದಂತೆ ತಡೆಯುವ ಸುರುಳಿ) ಮಾಡಬೇಕು. ತೆಳು ಕೇಬಲ್ಲಾದ ಆರ್‌ಜಿ-58 ಆದರೆ ಸುಮಾರು 1.2 ಮೀಟರ್ ಕೇಬಲನ್ನು ಆರರಿಂದ ಎಂಟು ಸುತ್ತು, ಸುತ್ತಿನ ಪಕ್ಕ ಸುತ್ತು ಬರುವಂತೆ, ಪಿವಿಸಿ ಪೈಪಿನ ಮೇಲೆ ಹಾಕಿ. ಇದನ್ನು ಬಿಟ್ಟರೆ ಕೇಬಲ್‌ನ ಹೊರಮೈಯೂ ಆಂಟೆನಾದಂತೆ ವರ್ತಿಸುತ್ತದೆ: ಮೈಕ್ ಹಿಡಿದಾಗ ತುಟಿಗೆ ಚುರುಕು, ಟಿವಿ ಸ್ಪೀಕರಿನಲ್ಲಿ ನಿಮ್ಮದೇ ದನಿ, ಕೇಬಲ್ ಮುಟ್ಟಿದರೆ ಬದಲಾಗುವ ಎಸ್‌ಡಬ್ಲ್ಯುಆರ್. ಚೋಕ್ ದಾಟಿದ ಮೇಲೆ ಕೇಬಲ್ ಕನಿಷ್ಠ ಎರಡೂವರೆ ಮೀಟರ್ ಅಡ್ಡಕ್ಕೆ ಹೋಗಿ ಆಮೇಲೆ ಇಳಿಯಲಿ. ಕೆಳಗಿನ ಕಾಲಿನ ಪಕ್ಕದಲ್ಲೇ ಇಳಿಸಿದರೆ ಟ್ಯೂನಿಂಗ್ ಕೈಗೆ ಸಿಗುವುದಿಲ್ಲ. ಕಬ್ಬಿಣದ ಕಂಬಕ್ಕೆ ತಾಗಿಸಿಯೂ ಕಟ್ಟಬೇಡಿ. ಕೆಳತುದಿ ನೆಲದಿಂದ ಎರಡು ಮೀಟರಿಗಿಂತ ಮೇಲಿರಬೇಕು, ಯಾರ ಕೈಗೂ ಎಟುಕಬಾರದು. ಮಾತಾಡುವಾಗ ತುದಿಯಲ್ಲಿ ವೋಲ್ಟೇಜ್ ಹೆಚ್ಚಿದ್ದು ಚರ್ಮ ಸುಡುತ್ತದೆ.

ಕೇಬಲ್ ಮತ್ತು ಎತ್ತರ

ಈ ಆವರ್ತನದಲ್ಲಿ 20 ಮೀಟರ್ ಆರ್‌ಜಿ-58ರಲ್ಲಿ ಸುಮಾರು ಒಂದೂವರೆ ಡೆಸಿಬೆಲ್ ಕಳೆದುಹೋಗುತ್ತದೆ: ಸೆಟ್ಟಿನಿಂದ 4 ವಾಟ್ ಹೊರಟರೆ ಆಂಟೆನಾಕ್ಕೆ ಮುಟ್ಟುವುದು 2.8 ವಾಟ್. ಅಷ್ಟೇ ಉದ್ದದ, ದಪ್ಪ ಕೇಬಲ್ಲಾದ ಆರ್‌ಜಿ-213ರಲ್ಲಿ 3.4 ವಾಟ್ ಮುಟ್ಟುತ್ತದೆ. 15 ಮೀಟರ್ ಒಳಗಿದ್ದರೆ ಒಳ್ಳೆಯ ಆರ್‌ಜಿ-58 ಸಾಕು, 25 ದಾಟಿದರೆ ದಪ್ಪ ಕೇಬಲ್ ಹಾಕಿ. 'ಒಳ್ಳೆಯ' ಎಂದರೆ ಜಾಲರಿ ಒತ್ತಾಗಿ ನೇಯ್ದದ್ದು. ತೊಗಟೆ ಸೀಳಿದಾಗ ಒಳಗಿನ ಬಿಳಿ ಪ್ಲಾಸ್ಟಿಕ್ ಜಾಲರಿಯ ಸಂದಿಯಲ್ಲಿ ಢಾಳಾಗಿ ಕಂಡರೆ ಅದು ಕಳಪೆ ಮಾಲು. ಟಿವಿಯ 75 ಓಮ್ ಕೇಬಲ್ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ, ಪಿಎಲ್-259 ಅದಕ್ಕೆ ಸರಿಯಾಗಿ ಕೂರುವುದಿಲ್ಲ, ಅದರ ಅಲ್ಯೂಮಿನಿಯಂ ಜಾಲರಿ ಬೆಸುಗೆ ಹಿಡಿಯುವುದಿಲ್ಲ. ಆರ್‌ಜಿ-58ಕ್ಕೆ ಪಿಎಲ್-259 ಹಾಕುವಾಗ ರೆಡ್ಯೂಸರ್ (ಪ್ಲಗ್ಗಿನ ತೂತನ್ನು ತೆಳು ಕೇಬಲ್ಲಿಗೆ ಹೊಂದಿಸುವ ತುಣುಕು) ಮರೆಯಬೇಡಿ.

ಎತ್ತರದ ಲಾಭಕ್ಕೆ ಸರಳ ಲೆಕ್ಕವಿದೆ. ಎರಡೂ ಕಡೆಯ ಆಂಟೆನಾ ಎತ್ತರದ ವರ್ಗಮೂಲಗಳನ್ನು ಕೂಡಿ 4.12ರಿಂದ ಗುಣಿಸಿದರೆ ಬಯಲಿನಲ್ಲಿ ರೇಡಿಯೋ ದಿಗಂತ ಕಿಲೋಮೀಟರಿನಲ್ಲಿ ಬರುತ್ತದೆ. ಎದುರಿನದು ಕಾರು, ಒಂದೂವರೆ ಮೀಟರ್ ಎತ್ತರ ಎಂದಿಟ್ಟುಕೊಳ್ಳಿ. ನಿಮ್ಮದು 4 ಮೀಟರಿನಲ್ಲಿದ್ದರೆ 13 ಕಿಲೋಮೀಟರ್, 9ರಲ್ಲಿದ್ದರೆ 17. ಕಟ್ಟಡ, ಗುಡ್ಡ ಅಡ್ಡ ಬಂದರೆ ಕಡಿಮೆಯಾಗುತ್ತದೆ. ಎತ್ತರಕ್ಕೆ ಕಾನೂನಿನ ಮಿತಿಯೂ ಇರುತ್ತದೆ: ಅಮೆರಿಕದಲ್ಲಿ ನೆಲದಿಂದ 18.3 ಮೀಟರ್, ಅಥವಾ ಅದನ್ನು ನಿಲ್ಲಿಸಿದ ಕಟ್ಟಡಕ್ಕಿಂತ 6.1 ಮೀಟರ್ ಮೇಲೆ. ನಿಮ್ಮ ದೇಶದ ಚಾನೆಲ್, ಪವರ್, ಎತ್ತರದ ನಿಯಮಗಳನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಕಂಬ ಎತ್ತುವ ಜಾಗ ವಿದ್ಯುತ್ ತಂತಿಯಿಂದ, ಕಂಬ ಮತ್ತು ಆಂಟೆನಾ ಸೇರಿದ ಒಟ್ಟು ಉದ್ದದ ಎರಡು ಪಟ್ಟಾದರೂ ದೂರವಿರಬೇಕು. ಇದರಲ್ಲಿ ರಾಜಿಯಿಲ್ಲ, ಜಾರಿದ ಪೈಪು ಯಾವ ಕಡೆ ಬೀಳುತ್ತದೆಂದು ಹಿಡಿದವರ ಕೈಯಲ್ಲಿರುವುದಿಲ್ಲ. ಕಂಬವನ್ನು ದಪ್ಪ ತಾಮ್ರದ ತಂತಿಯಿಂದ ಅರ್ಥ್ ರಾಡ್‌ಗೆ ಸೇರಿಸಿ, ಆ ರಾಡನ್ನು ಮನೆಯ ಅರ್ಥಿಂಗ್‌ಗೂ ಕೂಡಿಸಿ. ಕೇಬಲ್ ಮನೆಯೊಳಗೆ ಬರುವಲ್ಲಿ ಹಠಾತ್ ಏರಿದ ವೋಲ್ಟೇಜನ್ನು ಅರ್ಥಿಗೆ ಹಾಯಿಸುವ ಗ್ಯಾಸ್ ಟ್ಯೂಬ್ ಅರೆಸ್ಟರ್ ಹಾಕುವುದು ಒಳ್ಳೆಯದು, ಆದರೆ ನೇರ ಸಿಡಿಲನ್ನು ಅದು ತಡೆಯದು. ಗುಡುಗು ಕೇಳುವ ಮೊದಲೇ ಕೇಬಲನ್ನು ಸೆಟ್ಟಿನಿಂದ ಬಿಚ್ಚಿಡಿ.

ಹೊರಗಿನ ಪ್ರತಿ ಜೋಡಣೆಗೂ ತನ್ನಿಂದ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದು ಸುತ್ತಿ, ಅದರ ಮೇಲೆ ಪಿವಿಸಿ ಟೇಪು. ಕೆಳಗಿನಿಂದ ಮೇಲಕ್ಕೆ ಸುತ್ತಬೇಕು, ಆಗ ಮಳೆನೀರು ಪದರದ ಹೊರಗಿನಿಂದಲೇ ಜಾರುತ್ತದೆ. ಕೇಬಲ್ ಗೋಡೆ ಹೊಕ್ಕುವ ಮುಂಚೆ ಒಂದು ಬಾಗು ಕೆಳಕ್ಕೆ ಇಳಿಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ.

ಎಸ್‌ಡಬ್ಲ್ಯುಆರ್ ನೋಡಿ ಟ್ಯೂನ್ ಮಾಡುವುದು

27 ಮೆಗಾಹರ್ಟ್ಸ್‌ಗೆ ಸರಿಹೊಂದುವ ಮೀಟರನ್ನು ಸೆಟ್ಟಿಗೂ ಕೇಬಲ್‌ಗೂ ನಡುವೆ ಹಾಕಿ. ಇದಕ್ಕಿಂತ ಹೆಚ್ಚಿನ ಆವರ್ತನಕ್ಕೆ ಮಾಡಿದ ವಿಎಚ್‌ಎಫ್ ಮೀಟರ್ ಇಲ್ಲಿ ಸುಳ್ಳು ಹೇಳುತ್ತದೆ. ಆಂಟೆನಾ ಅಳೆಯುವ ಪುಟ್ಟ ಉಪಕರಣವಾದ ನ್ಯಾನೋವಿಎನ್‌ಎ ಇದ್ದರೆ ಪ್ರಸಾರವೇ ಬೇಡ, ಇಡೀ ವಕ್ರರೇಖೆ ಕಾಣುತ್ತದೆ. ಸಾದಾ ಮೀಟರಿನಲ್ಲಾದರೆ ಖಾಲಿ ಚಾನೆಲ್ ಎಂದು ಕೇಳಿ ಖಾತ್ರಿ ಮಾಡಿಕೊಂಡು, ಎಎಂನಲ್ಲಿ ಮಾತಾಡದೆ ಮೈಕ್ ಗುಂಡಿ ಒತ್ತಿ, ಫಾರ್ವರ್ಡ್‌ನಲ್ಲಿ ಮುಳ್ಳನ್ನು ತುದಿಗೆ ತಂದು, ಸ್ವಿಚ್ಚನ್ನು ರಿಫ್ಲೆಕ್ಟೆಡ್‌ಗೆ ತಿರುಗಿಸಿ ಓದಿ. ಚಾನೆಲ್ 1, 20, 40 ಮೂರರಲ್ಲೂ ಬರೆದುಕೊಳ್ಳಿ.

40ರಲ್ಲಿ ಹೆಚ್ಚು, 1ರಲ್ಲಿ ಕಡಿಮೆ ಬಂದರೆ ಆಂಟೆನಾ ಉದ್ದವಾಗಿದೆ, ಇನ್ನಷ್ಟು ಮಡಿಚಿ. 1ರಲ್ಲಿ ಹೆಚ್ಚು ಬಂದರೆ ಗಿಡ್ಡ, ಮಡಿಕೆ ಬಿಡಿಸಿ. ಡೈಪೋಲ್‌ನ ಎರಡೂ ಕಾಲಲ್ಲಿ 1 ಸೆಂಟಿಮೀಟರ್ ಬದಲಿಸಿದರೆ ಟ್ಯೂನಿಂಗ್ ಸುಮಾರು 100 ಕಿಲೋಹರ್ಟ್ಸ್ ಸರಿಯುತ್ತದೆ. 40 ಚಾನೆಲ್‌ಗಳ ಒಟ್ಟು ಅಗಲ, 26.965ರಿಂದ 27.405ರವರೆಗೆ, 440 ಕಿಲೋಹರ್ಟ್ಸ್. ಅದಕ್ಕೇ ಒಂದು ಸಲಕ್ಕೆ ಎರಡು ಸೆಂಟಿಮೀಟರಿಗಿಂತ ಹೆಚ್ಚು ಮುಟ್ಟಬೇಡಿ. 1.5 ಬಂದರೆ ಹಿಂತಿರುಗುವುದು 4 ಶೇಕಡಾ ಮಾತ್ರ, ಅಲ್ಲಿಗೆ ನಿಲ್ಲಿಸಿ. 2 ಆದರೆ 11 ಶೇಕಡಾ, ಕೆಲಸಕ್ಕೆ ಅಡ್ಡಿಯಿಲ್ಲ. 3 ಎಂದರೆ ಕಾಲು ಭಾಗ ವಾಪಸ್; ಅದರ ಮೇಲಿದ್ದರೆ ಮಾತಾಡಬೇಡಿ, ಸೆಟ್ಟಿನ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಬಹುದು.

ಮೂರೂ ಚಾನೆಲ್‌ನಲ್ಲಿ ಮುಳ್ಳು ಮೇಲೇ ಕೂತಿದ್ದರೆ ತಪ್ಪು ಉದ್ದದಲ್ಲಿಲ್ಲ, ಸಾಮಾನ್ಯವಾಗಿ ಪ್ಲಗ್‌ನಲ್ಲಿದೆ: ಜಾಲರಿಯ ಒಂದು ಎಳೆ ಒಳಪಿನ್ನಿಗೆ ತಾಗಿರುತ್ತದೆ, ಇಲ್ಲವೇ ಪಿನ್ನಿನ ತುದಿಗೆ ಬೆಸುಗೆಯೇ ಇಳಿದಿರುವುದಿಲ್ಲ. ಆಂಟೆನಾ ಬಿಚ್ಚಿ ಬರಿ ಕೇಬಲನ್ನು ಮಲ್ಟಿಮೀಟರಿನಲ್ಲಿ ನೋಡಿ, ಒಳಗೂ ಹೊರಗೂ ಸಂಪರ್ಕ ಇರಬಾರದು. ಆದರೆ ಅನೇಕ ರೆಡಿಮೇಡ್ 5/8 ಆಂಟೆನಾಗಳು ಬುಡದ ಕಾಯಿಲ್ ಮೂಲಕ ಅರ್ಥ್ ಆಗಿರುವುದರಿಂದ ಮಲ್ಟಿಮೀಟರಿಗೆ ಶಾರ್ಟ್ ಎಂದೇ ಕಾಣುತ್ತವೆ. ಅದು ದೋಷವಲ್ಲ, ವಾಪಸ್ ಕಳಿಸಲು ಹೋಗಬೇಡಿ.

ಮಳೆ ಬಂದಾಗ ಮಾತ್ರ ಎಸ್‌ಡಬ್ಲ್ಯುಆರ್ ಏರಿದರೆ ನೀರು ಬೆಸುಗೆಯ ಜಾಗಕ್ಕೆ ಇಳಿದಿದೆ. ಇದಕ್ಕಿಂತ ಮೋಸದ್ದು ತಾನಾಗಿಯೇ ಇಳಿಯುವ ಎಸ್‌ಡಬ್ಲ್ಯುಆರ್. ನೀರು ಕುಡಿದ ಕೇಬಲ್ ಪವರನ್ನು ಹೋಗುವಾಗಲೂ ಬರುವಾಗಲೂ ನುಂಗುವುದರಿಂದ ಮೀಟರಿಗೆ ಹಿಂತಿರುಗುವುದೇ ಕಡಿಮೆಯಾಗಿ, ಮುಳ್ಳು 1.1 ತೋರಿಸುತ್ತದೆ, ಅತ್ತ ಯಾರಿಗೂ ದನಿ ಕೇಳಿಸುವುದಿಲ್ಲ. ಮೊದಲ ದಿನ ಬರೆದ ಮೂರು ಅಂಕಿಗಳನ್ನು ಮೀಟರಿನ ಹಿಂಬದಿಗೆ ಅಂಟಿಸಿಟ್ಟಿದ್ದರೆ ಈ ಬದಲಾವಣೆ ತಕ್ಷಣ ಸಿಕ್ಕಿಬೀಳುತ್ತದೆ. ಪ್ಲಗ್‌ನ ಹತ್ತಿರ ಒಂದು ಗೇಣು ಕೇಬಲ್ ಸೀಳಿ ನೋಡಿ, ಜಾಲರಿ ಕಪ್ಪಾಗಿದ್ದರೆ ಪೂರ್ತಿ ಕೇಬಲ್ ಬದಲಿಸಿ.