ತೂಕದ ಪುಸ್ತಕದಿಂದ ಕಲಿತ ಕ್ಲಾಸು, ಆಬ್ಜೆಕ್ಟು

ಹಾಸನದಲ್ಲಿ ಎಂಜಿನಿಯರಿಂಗ್‌ಗೆ ಸೇರಿದ ಹೊಸತರಲ್ಲಿ ಎನ್‌ಕ್ಯಾಪ್ಸುಲೇಷನ್, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಮ್ ಎಂಬ ಪ್ರೋಗ್ರಾಮಿಂಗ್ ತತ್ವಗಳ ವ್ಯಾಖ್ಯೆಗಳನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದೆ. ಖಾಲಿ ಪರದೆಯ ಮುಂದೆ ಕುಳಿತರೆ ಮಾತ್ರ ಯಾವುದನ್ನು ಕ್ಲಾಸ್ ಮಾಡಬೇಕೆಂಬುದೇ ಹೊಳೆಯುತ್ತಿರಲಿಲ್ಲ. ಕ್ಲಾಸ್ ಎಂದರೆ ಏನೇನು ಮಾಹಿತಿ, ಏನೇನು ಕೆಲಸ ಇರಬೇಕೆಂದು ಹೇಳುವ ಅಚ್ಚು; ಆ ಅಚ್ಚಿನಿಂದ ಮಾಡಿದ ಒಂದೊಂದೂ ಆಬ್ಜೆಕ್ಟ್. ಪ್ರಾಣಿ ಒಂದು ಕ್ಲಾಸು, ಇನ್‌ಹೆರಿಟೆನ್ಸ್‌ನಿಂದ ಅದರ ಗುಣಗಳನ್ನು ಪಡೆಯುವ ನಾಯಿ ಅದರ ಮಗು ಎಂಬ ಪಾಠದ ಉದಾಹರಣೆಯೂ ನೆರವಿಗೆ ಬರಲಿಲ್ಲ, ಏಕೆಂದರೆ ಆ ನಾಯಿಗೆ ಬೊಗಳುವುದನ್ನು ಬಿಟ್ಟು ಬೇರೆ ಕೆಲಸವಿರಲಿಲ್ಲ.

ನನ್ನ ತಂದೆ ಸಕಲೇಶಪುರದ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್. ಕೊಯ್ಲಿನ ದಿನಗಳಲ್ಲಿ ಸಂಜೆ ಒಬ್ಬೊಬ್ಬರು ಕುಯ್ದ ಹಣ್ಣನ್ನೂ ತೂಗಿಸಿ, ಕಿಲೋಗಳನ್ನು ತೂಕದ ಪುಸ್ತಕದಲ್ಲಿ ಬರೆದುಕೊಂಡು, ವಾರಕ್ಕೊಮ್ಮೆ ಬಟವಾಡೆ ಮಾಡುವುದು ಅವರ ಹೊಣೆ. ಆ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸುತ್ತೇನೆಂದು ಹೊರಟ ನಾನು, ಮೊದಲು ಸಿ ಭಾಷೆಯಲ್ಲಿ ಹೆಸರುಗಳಿಗೊಂದು ಅರೇ (ಸಾಲು ಪಟ್ಟಿ), ತೂಕಗಳಿಗೊಂದು ಅರೇ ಇಟ್ಟುಕೊಂಡೆ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿದ್ದೇ ತಡ, ತೂಕಗಳು ಇದ್ದಲ್ಲೇ ಉಳಿದು ಒಬ್ಬರ ಹಣ್ಣು ಇನ್ನೊಬ್ಬರ ಲೆಕ್ಕಕ್ಕೆ ಹೋಯಿತು. ಸ್ಟ್ರಕ್ಚರ್ ಬಳಸಿ ಎರಡನ್ನೂ ಒಟ್ಟಿಗೆ ಕಟ್ಟಬಹುದಿತ್ತು, ನಿಜ. ಆದರೆ ಪ್ರೋಗ್ರಾಮಿನ ಯಾವ ಮೂಲೆಯಿಂದ ಬೇಕಾದರೂ ತೂಕವನ್ನು ತಿದ್ದಲು ಬರುವುದು ನನಗೆ ಸರಿಬೀಳಲಿಲ್ಲ. ಅಪ್ಪ ಪುಸ್ತಕದಲ್ಲಿ ಎಂದೂ ಅಳಿಸಿ ಬರೆಯುವವರಲ್ಲ, ತಪ್ಪಿದ ಅಂಕಿಗೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕುತ್ತಾರೆ. ಜಾವಾ ಎಂಬ ಇನ್ನೊಂದು ಭಾಷೆಯಲ್ಲಿ ಕೆಲಸಗಾರ ಎಂಬ ಕ್ಲಾಸ್ ಬರೆದು, ತೂಕವನ್ನು ಹೊರಗಿನಿಂದ ಮುಟ್ಟಲಾಗದಂತೆ ಪ್ರೈವೇಟ್ ಮಾಡಿ, ಅದನ್ನು ಮುಟ್ಟಲು ತೂಕ ಸೇರಿಸುವ ಒಂದೇ ಮೆಥಡ್ (ಕ್ಲಾಸ್ ಮಾಡುವ ಒಂದು ಕೆಲಸ) ಉಳಿಸಿದಾಗ, ಎನ್‌ಕ್ಯಾಪ್ಸುಲೇಷನ್ ಎಂದರೆ ಆ ಗೆರೆ ಮತ್ತು ಸಹಿಯ ಶಿಸ್ತು ಎಂಬುದು ತಿಳಿಯಿತು.

ಅಲ್ಲಿಂದ ಮುಂದೆಯೂ ಎಡವಿದೆ. ಪ್ರೋಗ್ರಾಮ್ ಶುರುವಾಗುವ, ಸ್ಟ್ಯಾಟಿಕ್ ಆದ ಮೇನ್ ಮೆಥಡ್‌ನಿಂದ ಒಟ್ಟು ತೂಕವನ್ನಿಡುವ ಜಾಗವನ್ನು, ಅಂದರೆ ವೇರಿಯಬಲ್ಲನ್ನು, ನೇರವಾಗಿ ಕರೆದಾಗ, ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ಅನುವಾದಿಸುವ ಕಂಪೈಲರ್ ತಕರಾರು ತೆಗೆಯಿತು; ಕಾರಣ ವಿಚಾರಿಸದೆ ಆ ವೇರಿಯಬಲ್ಲಿಗೂ ಸ್ಟ್ಯಾಟಿಕ್ ಎಂದು ಸೇರಿಸಿ ಅದರ ಬಾಯಿ ಮುಚ್ಚಿಸಿದೆ. ಶನಿವಾರ ಊರಿಗೆ ಹೋಗಿ 62, 48, 55 ಕಿಲೋ ಎಂದು ಮೂವರ ತೂಕ ಹಾಕಿ ತೋರಿಸಿದರೆ, ಮೂವರ ಹೆಸರಿನ ಮುಂದೆಯೂ 165 ಎಂದೇ ಬಂತು. ಅಪ್ಪ ಕನ್ನಡಕ ಸರಿಮಾಡಿಕೊಂಡು, "ಏನೋ ಇದು, ಮೂರು ಜನರ ಹಣ್ಣನ್ನೂ ಒಂದೇ ಚೀಲಕ್ಕೆ ಸುರಿದಿದ್ದೀಯಲ್ಲೋ" ಎಂದರು. ದೋಷ ಅಕ್ಷರಶಃ ಅದೇ ಆಗಿತ್ತು: ಸ್ಟ್ಯಾಟಿಕ್ ವೇರಿಯಬಲ್ ಇಡೀ ಕ್ಲಾಸಿಗೆ ಒಂದೇ, ಆಬ್ಜೆಕ್ಟಿಗೊಂದರಂತೆ ಇರುವುದಿಲ್ಲ.

ಹೆಚ್ಚು ದಿನ ಕಾಡಿದ್ದು ಇನ್ನೊಂದು ತಪ್ಪು. ಕಾಫಿಯ ಎರಡು ಬಗೆಗಳಾದ ಅರೇಬಿಕಾಕ್ಕೂ ರೊಬಸ್ಟಾಕ್ಕೂ ಕುಯ್ಯುವ ದರ ಬೇರೆಯಾದ್ದರಿಂದ, ಕಲಿತ ಇನ್‌ಹೆರಿಟೆನ್ಸನ್ನು ಎಲ್ಲಾದರೂ ಬಳಸಲೇಬೇಕೆಂಬ ಹುಮ್ಮಸ್ಸಿನಲ್ಲಿ, ಕೆಲಸಗಾರ ಕ್ಲಾಸಿನಿಂದ ಅರೇಬಿಕಾ ಕುಯ್ಯುವವರು, ರೊಬಸ್ಟಾ ಕುಯ್ಯುವವರು ಎಂದು ಎರಡು ಕ್ಲಾಸ್ ಮಾಡಿದೆ. ಆದರೆ ಡಿಸೆಂಬರಿನಲ್ಲಿ ಅರೇಬಿಕಾ ಕುಯ್ದವರೇ ಅದು ಮುಗಿದ ಮೇಲೆ ರೊಬಸ್ಟಾಕ್ಕೆ ಹೋಗುತ್ತಾರೆ, ಜಾವಾದಲ್ಲಿ ಒಮ್ಮೆ ಸೃಷ್ಟಿಯಾದ ಆಬ್ಜೆಕ್ಟ್ ತನ್ನ ಕ್ಲಾಸನ್ನು ಬದಲಿಸಲಾರದು. ಅವರಿಗೆ ಹೊಸ ಆಬ್ಜೆಕ್ಟ್ ಮಾಡಿದೆ. ಪಡೆದಿದ್ದ ಮುಂಗಡವೆಲ್ಲ ಹಳೆಯ ಆಬ್ಜೆಕ್ಟಿನಲ್ಲೇ ಉಳಿದು, ಬಟವಾಡೆಯಲ್ಲಿ ಕಡಿತವಾಗಲಿಲ್ಲ. ಬದಲಾಗುವುದು ಮನುಷ್ಯರಲ್ಲ, ಆ ದಿನ ತೂಗಿದ ಹಣ್ಣು ಎಂಬುದು ಪುಸ್ತಕದ ಕಾಲಂಗಳನ್ನು ನೋಡಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ತಾರೀಖು, ತಳಿ, ಕಿಲೋ ಮೂರನ್ನೂ ಹಿಡಿದಿಡುವ ದಿನದ ತೂಕ ಎಂಬ ಕ್ಲಾಸ್ ಬರೆದು, ಪ್ರತಿ ಕೆಲಸಗಾರರ ಆಬ್ಜೆಕ್ಟಿನೊಳಗೆ ಅವುಗಳ ಪಟ್ಟಿ ಇಟ್ಟ ಮೇಲೆ ಲೆಕ್ಕ ಪುಸ್ತಕದೊಂದಿಗೆ ತಾಳೆಯಾಯಿತು.

ಕ್ಲಾಸ್, ಆಬ್ಜೆಕ್ಟ್ ಎಂಬ ಕಲ್ಪನೆಗಳು ಮೊದಲು ರೂಪುಗೊಂಡದ್ದು ನಾರ್ವೆಯಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ಡಾಲ್ ಮತ್ತು ನ್ಯುಗಾರ್ಡ್ ಕಟ್ಟಿದ ಸಿಮುಲಾ 67 ಭಾಷೆಯಲ್ಲಿ, ಅದರ ಮೂಲ ಉದ್ದೇಶ ಹೊರಗೆ ನಡೆಯುವ ಕೆಲಸವನ್ನು ಯಂತ್ರದೊಳಗೆ ಅನುಕರಿಸುವುದಾಗಿತ್ತು ಎಂಬುದನ್ನು ಆಮೇಲೆ ಓದಿದೆ. ಪಾಠ ಇಲ್ಲಿಂದಲೇ ಶುರುವಾಗಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಆ ಪ್ರೋಗ್ರಾಮಿನಲ್ಲಿ ಇನ್‌ಹೆರಿಟೆನ್ಸನ್ನು ಸೂಚಿಸುವ ಎಕ್ಸ್‌ಟೆಂಡ್ಸ್ ಎಂಬ ಪದ ಕೊನೆಗೆ ಒಂದೂ ಉಳಿಯಲಿಲ್ಲ. ಪರೀಕ್ಷೆಯಲ್ಲಿ ಮಾತ್ರ ಅಂಕಕ್ಕಾಗಿ ಆ ನಾಯಿಯನ್ನೇ ಬರೆದು ಬಂದೆ.