ಬೋರಿನ ನೀರಿಗೆ ಬಟ್ಟೆ ಪುಡಿ ಹಾಕುವ ಮೊದಲು

ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಎಷ್ಟೋ ಮನೆಗಳಲ್ಲಿ ಬಟ್ಟೆಗೆ ಬೋರಿನ ನೀರೇ ಗತಿ. ಗಡಸು ನೀರು. ಒಗೆದ ಬಟ್ಟೆಯೂ ಮಬ್ಬಾಗಿ, ಒರಟಾಗಿ ಉಳಿಯುತ್ತದೆ. ಆಗ ಇನ್ನೊಂದು ಹಿಡಿ ಪುಡಿ ಸುರಿಯುತ್ತೇವೆ, ಅಲ್ವಾ? ಸ್ವಲ್ಪ ತಡೆಯಿರಿ.

ಪುಡಿಯಲ್ಲಿ ನೊರೆ ಬರಿಸುವ ಅಂಶದ ಜೊತೆ ಬಟ್ಟೆ ಸೋಡಾ ಇರುತ್ತದೆ, ಸಾಮಾನ್ಯವಾಗಿ ಸೋಡಿಯಂ ಸಿಲಿಕೇಟ್ ಕೂಡ ಇರುತ್ತದೆ. ಮರಳು ಮತ್ತು ಸೋಡಾವನ್ನು 1000 ಡಿಗ್ರಿಗೂ ಮೇಲೆ ಕಾಯಿಸಿ ಕರಗಿಸಿದರೆ ಸಿಲಿಕೇಟ್ ಆಗುತ್ತದೆ. ನೊರೆ ಕೊಡದಿದ್ದರೂ ಇದರ ಕೆಲಸ ದೊಡ್ಡದು. ನೀರಿನ ಕ್ಷಾರ ಇಳಿಯದಂತೆ ಹಿಡಿದಿಡುತ್ತದೆ, ಹಾಗಾಗಿ ಎಣ್ಣೆ ಜಿಡ್ಡು ಬಿಡುತ್ತದೆ. ಬಿಟ್ಟ ಕೊಳೆ ಮತ್ತೆ ಬಟ್ಟೆಗೆ ಅಂಟದಂತೆ ನೀರಿನಲ್ಲೇ ತೇಲಿಸುತ್ತದೆ. ಗಡಸು ನೀರಿನ ಮೆಗ್ನೀಸಿಯಂ ಅನ್ನೂ ಹಿಡಿಯುತ್ತದೆ. ಅದೇ ನೀರಿನ ಕ್ಯಾಲ್ಸಿಯಂ ಹಿಡಿಯಲು ಸೋಡಾ ಇದೆ. ಲೋಹದ ಮೇಲೆ ತೆಳು ಪದರ ಕಟ್ಟಿ ಮಷೀನಿನ ಭಾಗಗಳನ್ನು ಕಾಯುವುದೂ ಇದೇ. ಅಲ್ಯುಮಿನಿಯಂ ಪಾತ್ರೆಯಲ್ಲಿ ಬರೀ ಸೋಡಾ ಹಾಕಿ ಬಟ್ಟೆ ಕುದಿಸಿದರೆ ಪಾತ್ರೆ ಕಪ್ಪಾಗುವುದನ್ನು ನೋಡಿರುತ್ತೀರಿ. ಅಲ್ಲಿ ಈ ಕಾವಲು ಇರುವುದಿಲ್ಲ.

ಆದ್ದರಿಂದ ಮೊದಲು ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಪೂರ್ತಿ ಕದಡಿ, ಆಮೇಲೆ ಬಟ್ಟೆ ಮುಳುಗಿಸಿ. ಒಣ ಪುಡಿಯನ್ನು ಬಟ್ಟೆಯ ಮೇಲೆ ಉದುರಿಸಬೇಡಿ. ಕಪ್ಪು ಬಟ್ಟೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಪುಡಿ ಜಾಸ್ತಿ ಆಗಿದೆ, ಇಲ್ಲವೇ ಸರಿಯಾಗಿ ಜಾಲಿಸಿಲ್ಲ. ಇನ್ನೊಮ್ಮೆ ಒಳ್ಳೆ ನೀರಿನಲ್ಲಿ ಜಾಲಿಸಿ.

ಪುಡಿಯ ನೀರಿಗೇ ನಿಂಬೆರಸ ಅಥವಾ ವಿನೆಗರ್ ಸುರಿಯಿರಿ ಅಂತ ಈಗ ಬಹಳ ಜನ ಹೇಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹುಳಿ ಬಿದ್ದರೆ ಕ್ಷಾರ ಹೋಗುತ್ತದೆ, ಸಿಲಿಕೇಟ್ ಕರಗದ ಸಿಲಿಕಾ ಆಗಿಬಿಡುತ್ತದೆ. ಸುಮ್ನೆ ಪುಡಿಯೂ ದಂಡ, ಹುಳಿಯೂ ದಂಡ. ಬೇಕೇ ಬೇಕು ಅಂದರೆ ಪುಡಿಯೆಲ್ಲ ಹೋದ ಮೇಲೆ ಕೊನೆಯ ನೀರಿಗೆ ಸ್ವಲ್ಪ ಹಾಕಿ.

ಪ್ಯಾಕೆಟ್ ಬಾಯಿ ತೆರೆದಿಡಬೇಡಿ. ಗಾಳಿಯ ತೇವಕ್ಕೆ ಪುಡಿ ಗಟ್ಟಿಯಾಗುತ್ತದೆ, ಕಾರ್ಬನ್ ಡೈಆಕ್ಸೈಡ್ ತಾಗಿ ಸಿಲಿಕೇಟ್ ಕರಗುವುದೂ ಕಡಿಮೆಯಾಗುತ್ತದೆ. ಮುಚ್ಚಳವಿರುವ ಡಬ್ಬಿಗೆ ಹಾಕಿ, ಒಣ ಚಮಚವನ್ನೇ ಬಳಸಿ.

ಇನ್ನು ಇಳಕಲ್ ಸೀರೆ. ಒಡಲು ಹತ್ತಿಯದ್ದಾದರೂ ಸೆರಗು ರೇಷ್ಮೆಯದ್ದಿರಬಹುದು. ರೇಷ್ಮೆ, ಉಣ್ಣೆ ಎರಡಕ್ಕೂ ಕ್ಷಾರ ಆಗದು. ಎಳೆ ಸಡಿಲವಾಗಿ ಹೊಳಪು ಹೋಗುತ್ತದೆ. ಅಂಥ ಸೀರೆಯನ್ನು ಈ ಪುಡಿಯಲ್ಲಿ ನೆನೆಸಲೇಬೇಡಿ. ರೇಷ್ಮೆಗೆಂದೇ ಸಿಗುವ ಸೌಮ್ಯ ದ್ರವವನ್ನು ತಣ್ಣೀರಿಗೆ ಹಾಕಿ, ಬೇಗ ಅದ್ದಿ ತೆಗೆದು, ಹಿಂಡದೆ ನೆರಳಲ್ಲಿ ಹರವಿ.