ಪೋಲ್ ಬಿಚ್ಚಿಟ್ಟು ಜೈಬ್ ಕಲಿತದ್ದು

ಸ್ಪಿನ್ನೇಕರ್ ಅಂದರೆ ಗಾಳಿ ಹಿಂದಿನಿಂದ ಬರುವಾಗ ಹಾಯಿದೋಣಿಯ ಮುಂದೆ ಹಾರಿಸೋ ದೊಡ್ಡ ಉಬ್ಬು ಹಾಯಿ; ಅದರ ಒಂದು ಮೂಲೆಯನ್ನು ಹೊರಕ್ಕೆ ಚಾಚಿ ಹಿಡಿಯೋ ಕೋಲು ಪೋಲ್. ಆ ಪೋಲ್ ಇಲ್ಲದೆ ಸ್ಪಿನ್ನೇಕರ್ ಹಾರಿಸಿ ಪ್ರಾಕ್ಟೀಸ್ ಮಾಡ್ತೀವಿ ಅಂದಾಗ ಮುಂಬೈ ಬಂದರಿನ ನಮ್ಮ ಹಳಬರು ನಕ್ಕಿದ್ದರು. "ಇದೇನು ಸಂಕ್ರಾಂತಿ ಗಾಳಿಪಟವಾ?" ಅಂತ ಒಬ್ಬರು ಕೇಳಿಯೂ ಬಿಟ್ಟರು. ಸೀಸನ್ ಮುಗೀತು. ಈಗ ಬರೆಯಬಹುದು.

ನಮ್ಮದು ಜೆ/24 ಅನ್ನೋ ಸಣ್ಣ ರೇಸಿಂಗ್ ಹಾಯಿದೋಣಿ. ಐದು ಜನ. ಚುಕ್ಕಾಣಿ ನನ್ನ ಕೈಲಿ, ಫೋರ್‌ಡೆಕ್ ಮೇಲೆ, ಅಂದರೆ ದೋಣಿಯ ಮುಂಭಾಗದಲ್ಲಿ, ಕಾರವಾರದ ಹುಡುಗ. ನಮ್ಮಿಬ್ಬರಿಗೆ ಕನ್ನಡ, ಉಳಿದವರ ಜೊತೆ ಹಿಂದಿ. ಹಾಯಿ ಏರಿಸೋದು, ಇಳಿಸೋದು ಮೊದಲಿಂದಲೂ ತಕ್ಕಮಟ್ಟಿಗೆ ಬರ್ತಿತ್ತು. ಮಾನ ಹೋಗ್ತಿದ್ದದ್ದು ಜೈಬ್‌ನಲ್ಲಿ, ಅಂದರೆ ಹಿಂದಿನ ಗಾಳಿಯಲ್ಲಿ ದೋಣಿ ತಿರುಗಿಸಿ ಹಾಯಿಯನ್ನು ಇನ್ನೊಂದು ಮಗ್ಗುಲಿಗೆ ದಾಟಿಸೋದರಲ್ಲಿ. ಹುಡುಗ ಪೋಲನ್ನು ಮಾಸ್ಟಿನಿಂದ (ಹಾಯಿಕಂಬ) ಬಿಡಿಸಿ ಹೊಸ ಗೈಗೆ, ಅಂದರೆ ಹಾಯಿಯ ಇನ್ನೊಂದು ಮೂಲೆಯ ಹಗ್ಗಕ್ಕೆ, ಸಿಕ್ಕಿಸುವಷ್ಟರಲ್ಲಿ ಹಾಯಿ ಮುದುಡಿ ಫೋರ್‌ಸ್ಟೇಗೆ (ಕಂಬವನ್ನು ಮುಂದಿನಿಂದ ಹಿಡಿದಿರೋ ತಂತಿ) ಸುತ್ತಿಕೊಳ್ತಿತ್ತು. 20–25 ಸೆಕೆಂಡ್ ಹಿಡೀತಿತ್ತು. ನಾನು ಹುಡುಗನಿಗೆ ಬೈತಿದ್ದೆ.

ಡಿಸೆಂಬರ್‌ನ ಒಂದು ರೇಸಿನಲ್ಲಿ ಹಾಗೇ ಸುತ್ತಿಕೊಂಡಿತು. ವಾಪಸ್ ಜೈಬ್ ಮಾಡಿದ್ದರೆ ತಾನೇ ಬಿಚ್ಚಿಕೊಳ್ತಿತ್ತೇನೋ. ಅವಸರಕ್ಕೆ ಎಳೆದೆವು. ಫೋರ್‌ಸ್ಟೇ ಬುಡದ ಸ್ಪ್ಲಿಟ್ ಪಿನ್ನಿನ ಚೂಪು ತುದಿಗೆ ಟೇಪ್ ಸುತ್ತಿರಲಿಲ್ಲ. ಚರ್ ಅಂತ ಮೂರಡಿ ಸೀಳಿತು. ರಿಪೇರಿಗೆ ಕೊಟ್ಟ ಕಡೆ ಹದಿನಾಲ್ಕು ಸಾವಿರ ತಗೊಂಡು ಹೊಲಿಗೆ ಸುಕ್ಕುಸುಕ್ಕಾಗಿ ಕೊಟ್ಟರು. ಹೊಸದನ್ನು ಹೊರದೇಶದಿಂದ ತರಿಸಿದ್ದರೆ ಕಸ್ಟಮ್ಸ್ ಸೇರಿ ಎರಡು ಲಕ್ಷದ ಹತ್ತಿರ ಹೋಗ್ತಿತ್ತು. ಐದು ಜನ ಮುಖ ಮುಖ ನೋಡಿಕೊಂಡೆವು.

ಆಮೇಲೆ ಒಬ್ಬ ಗೆಳೆಯ ಫೋನಿನಲ್ಲಿ ತೆಗೆದ ವಿಡಿಯೋ ನೋಡಿದೆ. ತಪ್ಪು ಹುಡುಗನದಲ್ಲ, ನನ್ನದು. ಅವನು ಪೋಲಿಗೆ ಕೈ ಹಾಕೋ ಮೊದಲೇ ನಾನು ದೋಣಿ ತಿರುಗಿಸಿ ಮುಗಿಸ್ತಿದ್ದೆ. ಹಾಯಿ ಅಲ್ಲೇ, ದೋಣಿ ಇಲ್ಲಿ.

ಮುಂದಿನ ಭಾನುವಾರ ಪೋಲನ್ನು ಡೆಕ್ಕಿಗೆ ಕಟ್ಟಿಟ್ಟೆವು. ಗಾಳಿ 8–10 ನಾಟ್ (ಗಂಟೆಗೆ 15–18 ಕಿ.ಮೀ.). ಗಾಳಿಗೆ ಪೂರ್ತಿ ಬೆನ್ನು ಕೊಟ್ಟು ಓಡಿಸೋದು, ಜೈಬ್ ಮೇಲೆ ಜೈಬ್. ಹಾಯಿ ಬಲಕ್ಕೆ ಜಾರಿದರೆ ದೋಣಿಯೂ ಬಲಕ್ಕೆ, ಎಡಕ್ಕಾದರೆ ಎಡಕ್ಕೆ. ಹಾಯಿಯ ಎರಡು ಮೂಲೆಯ ಹಗ್ಗ ಇಬ್ಬರ ಕೈಲಿ, ಒಬ್ಬ ಎಳೆದಷ್ಟೂ ಇನ್ನೊಬ್ಬ ಸಡಿಲ ಬಿಡಬೇಕು. ಮೊದಲ ದಿನ ಆರೇಳು ಸಲ ಮುದುಡಿತು. ಎಲಿಫೆಂಟಾ ದ್ವೀಪಕ್ಕೆ ಜನರನ್ನು ಒಯ್ಯೋ ಲಾಂಚ್ ಒಂದು ಪಕ್ಕದಲ್ಲೇ ಹೋಗಿ ಅಲೆ ಎಬ್ಬಿಸಿದಾಗ ಹಾಯಿಯ ಮೂಲೆ ನೀರಿಗೂ ಬಿತ್ತು. ಲಾಂಚಿನ ಮೇಲಿದ್ದವರು ಚಪ್ಪಾಳೆ ತಟ್ಟಿದರು, ಯಾಕೋ ಗೊತ್ತಿಲ್ಲ. ಮೂರನೇ ಭಾನುವಾರಕ್ಕೆ ಸತತ ಹನ್ನೊಂದು ಜೈಬ್, ಒಂದು ಸಲವೂ ಮುದುಡಲಿಲ್ಲ.

ಆಮೇಲೆ ಪೋಲ್ ವಾಪಸ್ ಹಾಕಿದೆವು. ಈಗ ನನ್ನ ಕಣ್ಣು ಹಾಯಿ ಮೇಲೆ, ಕಿವಿ ಫೋರ್‌ಡೆಕ್ ಕಡೆ. "ಅಣ್ಣಾ, ತಡೀರಿ" ಅಂದರೆ ಚುಕ್ಕಾಣಿ ಅಲ್ಲೇ ನಿಲ್ಲಬೇಕು. "ಆಯ್ತು" ಅಂದಮೇಲೇ ಮುಂದೆ. ಹಾಯಿ ಹೇಗೂ ತಾನೇ ಹಾರ್ತಿರುತ್ತೆ, ಅವನಿಗೆ ಅವಸರವೇ ಇಲ್ಲ. ತಮಾಷೆ ಅಂದ್ರೆ ಅವಸರ ಬಿಟ್ಟ ಮೇಲೇ ಕೆಲಸ ಬೇಗ ಆಗೋದು. ಎಂಟೊಂಬತ್ತು ಸೆಕೆಂಡ್. ಎರಡೂ ಹಗ್ಗಕ್ಕೆ ಬಣ್ಣದ ದಾರದಿಂದ ಗುರುತು ಹೊಲಿದಿದ್ದೀನಿ. ಎಲ್ಲೆಲ್ಲಿ ಅನ್ನೋದು ನಮ್ಮ ದೋಣಿಯಲ್ಲೇ ಇರಲಿ.

ಇದರ ಮಧ್ಯೆ ಇನ್ನೊಂದು ಹುಚ್ಚು. ಏರಿಸುವಾಗ ಗಾಳಿ ತುಂಬದಿರಲಿ ಅಂತ ಹಾಯಿಯನ್ನು ತಳ ಕತ್ತರಿಸಿದ ಬಕೆಟ್ಟಿನೊಳಗೆ ತೂರಿಸಿ ಅದರ ಸುತ್ತ ರಬ್ಬರ್ ಬ್ಯಾಂಡ್ ಹಾಕಿದೆವು, ಏರಿದ ಮೇಲೆ ಗಾಳಿಗೆ ತಾನೇ ಹರಿಯಲಿ ಅಂತ. ಕೆಲಸ ಮಾಡ್ತು, ಆದರೆ ರಬ್ಬರೆಲ್ಲ ಸಮುದ್ರಕ್ಕೆ. ಸ್ವೆಟರ್ ಉಲ್ಲನ್ ಕಟ್ಟಿ ನೋಡಿದೆವು. ಎರಡೆಳೆ ಮಾಡಿದರೆ ಹರಿಯಲ್ಲ, ಒಂದೆಳೆ ಆದ್ರೆ ಏರೋ ಮೊದಲೇ ಹರಿಯುತ್ತೆ. ನಮ್ಮ ಸೈಜಿನ ದೋಣಿಗೆ ಸುಮ್ನೆ ತಲೆನೋವು. ಬಕೆಟ್ ಈಗ ಹಗ್ಗ ಇಡೋಕೆ.

ಕೊನೇ ರೇಸಿನಲ್ಲಿ 16–17 ನಾಟ್ ಇತ್ತು. ಮುಂದಿದ್ದ ಎರಡು ದೋಣಿ ಮಾರ್ಕ್ (ರೇಸಿನಲ್ಲಿ ಸುತ್ತಿ ಬರಬೇಕಾದ ತೇಲು ಗುರುತು) ಹತ್ತಿರ ಜೈಬ್ ಮಾಡೋಕೆ ಹೋಗಿ ಬ್ರೋಚ್ ಆಗಿ, ಅಂದರೆ ಚುಕ್ಕಾಣಿ ಹಿಡಿತ ತಪ್ಪಿ ಗಾಳಿ ಕಡೆಗೆ ತಿರುಗಿ, ಮಗ್ಗುಲಾದವು. ನಾವು ಪಕ್ಕದಲ್ಲೇ ದಾಟಿದೆವು, ಸುಕ್ಕು ಹೊಲಿಗೆಯ ಅದೇ ಹಾಯಿಯಲ್ಲಿ. ಎರಡನೇ ಸ್ಥಾನ. ಗಾಳಿಪಟ ಅಂದವರು ದಡದಲ್ಲಿ ಸಿಕ್ಕಿದಾಗ ಹಗ್ಗದ ಗುರುತಿನ ಬಗ್ಗೆ ಕೇಳಿದರು. ಚಹಾ ಕುಡಿಸಿ ಕಳಿಸಿದೆ.